ನಲವತ್ತು ದಿನದ ಪಥ್ಯ

ಬಾಳ್ಳುಪೇಟೆ
೨೨ ಸೆಪ್ಟೆಂಬರ್ ೧೯೯೯

ಪ್ರೀತಿಯ ಲೀಲಾ,

ಅವ್ವನ ಹರ್ನಿಯಾ ಆಪರೇಷನ್ನಿನ ಹೊಲಿಗೆ ಒಂಬತ್ತನೇ ದಿನಕ್ಕೆ ಬಿಟ್ಟುಕೊಂಡಿತು, ಮತ್ತೆ ಹಾಸನದ ನರ್ಸಿಂಗ್ ಹೋಮಿಗೆ ಸೇರಿಸಿದ್ದೇವೆ ಎಂದಷ್ಟೇ ನಿನಗೆ ಫೋನಿನಲ್ಲಿ ಹೇಳಿದೆ. ಉಳಿದದ್ದನ್ನು ನಿನ್ನ ಅಣ್ಣ ಪಕ್ಕದಲ್ಲಿ ನಿಂತಿರುವಾಗ ಹೇಳಲಾಗಲಿಲ್ಲ. ಕಾನ್ವೆಂಟಿನವಳ ಕನ್ನಡ ಅಕ್ಷರ ಎಂದು ನೀನು ಮೊದಲೇ ನಗುತ್ತಿದ್ದೆ. ಇವತ್ತು ಬಸ್ಸಿಗೆ ಮುಂಚೆ ಬರೆದು ಮುಗಿಸುವ ಅವಸರ ಬೇರೆ.

ಡಾಕ್ಟರು ಪಟ್ಟಿ ಬಿಚ್ಚಿದಾಗ ನಾನು ಅಲ್ಲೇ ಇದ್ದೆ. ಉಸಿರಾಡುವ ಮನುಷ್ಯರ ಮೈಮೇಲೆ ಅಷ್ಟು ಅಗಲದ ಗಾಯ ನೋಡಿರಲಿಲ್ಲ. ಊಟಕ್ಕೆ ಏನು ಕೊಡುತ್ತಿದ್ದೀರಿ ಎಂದು ಕೇಳಿದರು. ಆಪರೇಷನ್ನಿಗೆ ಮೂರು ವಾರ ಮುಂಚಿನಿಂದ ಅವರೇ ಹೇಳಿದ್ದಂತೆ ಗಟ್ಟಿ ಬೇಳೆ, ಹಾಲು, ಮೊಳಕೆ ಹೆಸರುಕಾಳು, ಮೊಸರು ಎಂದು ಪಾಠ ಒಪ್ಪಿಸಿದೆ. ಅವರು ರಕ್ತದ ರಿಪೋರ್ಟು ನೋಡಿ, ‘ಇದು ಉಪವಾಸ ಇದ್ದೋರ ರಕ್ತ ಕಣಮ್ಮ’ ಎಂದರು.

ನನಗೆ ಸಿಟ್ಟು ಬಂತು. ತಟ್ಟೆಯಲ್ಲಿ ಒಂದಗುಳೂ ಉಳಿಯುತ್ತಿರಲಿಲ್ಲ ಎಂದೆ.

ಹೇಳಿದ ಮೇಲೆ ಹೊಳೆಯಿತು ಲೀಲಾ. ನಿನ್ನ ಅವ್ವ ಯಾವತ್ತು ಅಗುಳು ಉಳಿಸಿದ್ದಾರೆ? ಪ್ರಸಾದ ವ್ಯರ್ಥವಾಗಬಾರದೆಂದು ತಟ್ಟೆಗೆ ನೀರು ಹಾಕಿ ತೊಳೆದು ಕುಡಿಯುವವರು. ಎರಡು ತುತ್ತು ಗಂಜಿ ಉಂಡರೂ ತಟ್ಟೆ ಹಾಗೇ ಹೊಳೆಯುತ್ತದೆ. ಹತ್ತೊಂಬತ್ತು ವರ್ಷ ಅದೇ ಮನೆಯಲ್ಲಿದ್ದು, ಖಾಲಿ ತಟ್ಟೆ ನೋಡಿ ಸಮಾಧಾನಪಟ್ಟುಕೊಂಡೆ. ಒಂದು ದಿನವೂ ಪಕ್ಕದಲ್ಲಿ ಕೂರಲಿಲ್ಲ.

ಮನೆಗೆಲಸದ ಬೆಟ್ಟಮ್ಮ ವಾರ್ಡಿನ ಬಾಗಿಲಲ್ಲೇ ಅಳತೊಡಗಿದಳು. ‘ಆಣೆ ಹಾಕಿಸ್ಕಂಡ್ರು ಕಣಮ್ಮ, ನಾನೇನ್ ಮಾಡ್ಲಿ? ಬ್ಯಾಳೆ, ಹಾಲು ಎಲ್ಲಾ ನಮ್ಮನೆಗೇ ಹೋಗ್ಬುಟ್ಟವೆ. ಅವ್ವ ಉಂಡಿದ್ದು ಬರೀ ಗಂಜಿ, ಮೆಣಸಿನ ಸಾರು’ ಎಂದಳು.

ಅವ್ವನಿಗೆ ಇದರಲ್ಲಿ ಅಳುಕೇ ಇಲ್ಲ. ಕೊಯ್ಯಲಿರುವ ಮೈಗೂ ಕೊಯ್ದ ಮೈಗೂ ಬೇಳೆ, ಹಾಲು ನಂಜು, ಕೀವಾಗುತ್ತದೆ ಎಂಬುದು ಅವರ ನಂಬಿಕೆ. ಮಲಗಿದಲ್ಲೇ ನನ್ನನ್ನು ನೋಡಿ ನಕ್ಕರು. ‘ನಿನ್ ಹೊಟ್ಟೆ ಕುಯ್ದಾಗ ನಾನೇನ್ ಕೊಟ್ಟೆ ಹೇಳು? ನಲವತ್ತು ದಿನ ಅನ್ನ, ಮೆಣಸಿನ ಸಾರು. ಹೊಲಿಗೆ ಹೆಂಗ್ ಕೂಡ್ಕತ್ತು! ಈಗ ನಿನ್ ಡಾಕ್ಟ್ರು ನಂಗೇ ಹೇಳ್ಕೊಡಕ್ ಬಂದವ್ನೆ’ ಎಂದರು. ಪಕ್ಕದ ಮಂಚದವರೂ ನಕ್ಕರು. ನನಗೆ ಮಾತ್ರ ನಗಲಾಗಲಿಲ್ಲ.

ಯಾಕೆಂದು ನಿನಗಲ್ಲದೆ ಇನ್ಯಾರಿಗೂ ಗೊತ್ತಿಲ್ಲ. ಹೊಟ್ಟೆ ಕೊಯ್ಯಿಸಿಕೊಂಡು ಆಶಾಳನ್ನು ಹೆತ್ತಾಗ ನಾನು ಹಿಂದಿನ ಕೋಣೆಯಲ್ಲಿ ಹಸಿವಿನಿಂದ ಅಳುತ್ತಿದ್ದೆ. ನೀನು ಸಕಲೇಶಪುರಕ್ಕೆ ಪಿಯುಸಿಗೆ ಹೋಗುತ್ತಿದ್ದೆ. ದಿನಾ ಸಂಜೆ ನಿನ್ನ ಟಿಫಿನ್ ಬಾಕ್ಸಿನಲ್ಲಿ ಸುಲಿದ ಎರಡು ಬೇಯಿಸಿದ ಮೊಟ್ಟೆ ಬರುತ್ತಿತ್ತು. ಲಿಂಗಪೂಜೆಯಿಲ್ಲದೆ ನೀರೂ ಮುಟ್ಟದವರ ಮನೆಯಲ್ಲಿ, ಬಾಗಿಲು ಹಾಕಿಕೊಂಡು ತಿಂದು ಏಲಕ್ಕಿ ಅಗಿಯುತ್ತಿದ್ದೆ. ನನ್ನ ಗಾಯ ಮಾಗಿತು. ಅವ್ವ ಅದನ್ನು ತಮ್ಮ ಪಥ್ಯದ ಗುಣ ಎಂದರು. ನಾನು ಸುಮ್ಮನಿದ್ದೆ.

ನೋಯಿಸಬಾರದೆಂದು ಸುಮ್ಮನಿದ್ದೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ನಿಜವೇ? ಮಾತು ಕೇಳುವ ಸೊಸೆ ಎಂದು ಅವರು ಹತ್ತು ಜನರ ಮುಂದೆ ಹೊಗಳುವುದು ನನಗೆ ಹಿತವಾಗಿತ್ತು. ನಮ್ಮೂರ ದ್ಯಾವಯ್ಯನ ಮಗಳ ಬಾಣಂತನದಲ್ಲೂ ನನ್ನ ಹೊಟ್ಟೆಯನ್ನೇ ಸಾಕ್ಷಿ ಮಾಡಿ ಇದೇ ಪಥ್ಯ ಹೇಳಿದ್ದರು. ಆ ಹುಡುಗಿ ಎಷ್ಟು ಸೊರಗಿಹೋಗಿದ್ದಳು! ಆಗಲೂ ನಾನು ಪಕ್ಕದಲ್ಲಿ ತಲೆಯಾಡಿಸುತ್ತ ನಿಂತಿದ್ದೆ. ಇನ್ನೂ ಎಷ್ಟು ಜನರೋ. ಲೆಕ್ಕ ಹಾಕಲು ಭಯವಾಗುತ್ತದೆ.

ಇನ್ನೊಂದು ವಾರ ಹೀಗೇ ಆದರೆ ಗಾಯ ತುಂಬುವುದಿಲ್ಲ, ಜೀವದ ಭರವಸೆ ಕೊಡಲಾರೆ ಎಂದಿದ್ದಾರೆ ಡಾಕ್ಟರು. ಅವ್ವ ಬೇಳೆ ಕಂಡರೆ ತುಟಿ ಬಿಗಿಯುತ್ತಾರೆ. ಅವರ ನಂಬಿಕೆ ನಿಂತಿರುವುದೇ ನನ್ನ ಸುಳ್ಳಿನ ಮೇಲೆ. ಅದನ್ನು ನಾನೇ ಕೀಳಬೇಕು. ನಿನ್ನ ಹೆಸರು ಎತ್ತುವುದಿಲ್ಲ. ಅವರೇ ಊಹಿಸಿಕೊಂಡರೆ ನನ್ನನ್ನು ಕ್ಷಮಿಸು.

ಬೇಳೆ ಬೆಂದಿದೆ. ಹನ್ನೊಂದರ ಬಸ್ಸಿಗೆ ಹಾಸನಕ್ಕೆ ಒಯ್ಯಬೇಕು. ಇವತ್ತೇ ಹೇಳುವ ಧೈರ್ಯ ಬರುತ್ತದೋ ಇಲ್ಲವೋ ತಿಳಿಯದು.

ನಿನ್ನ ಅತ್ತಿಗೆ,
ಜಗದಾಂಬ

ತಾ.ಕ.: ಹಾಸನ, ಸಂಜೆ. ಹೇಳಿಬಿಟ್ಟೆ. ಮೊಟ್ಟೆ ತಂದುಕೊಟ್ಟವರು ಯಾರೆಂದು ಅವ್ವ ಕೇಳಲಿಲ್ಲ. ‘ಹಂಗಾದ್ರೆ ನಾನ್ ಕೊಟ್ಟಿದ್ದು ಯಾವ್ದೂ ನಿನ್ನ ಕಾಯ್ಲಿಲ್ವಾ?’ ಎಂದರು. ಇಲ್ಲ ಎಂದೆ. ಮುಖ ಗೋಡೆಗೆ ತಿರುಗಿಸಿದರು. ಆಮೇಲೆ ಅತ್ತಲೇ ನೋಡುತ್ತ ಬೇಳೆ ಕೇಳಿದರು. ನಾನು ಕಲಸಿ ತುತ್ತು ಎತ್ತಿದರೆ, ‘ನಿನ್ ಕೈಯಿಂದ ಬ್ಯಾಡ’ ಎಂದರು. ಬೆಟ್ಟಮ್ಮ ತಿನ್ನಿಸಿದಳು. ಅಷ್ಟನ್ನೂ ಉಂಡರು, ಲೀಲಾ. ನಾನು ಬಾಗಿಲ ಹೊರಗೆ ನಿಂತು ನೋಡಿದೆ.