ನಿನ್ನನ್ನು ಬಿಟ್ಟು ಹತ್ತಿದ ಘಾಟಿ

ಅಕ್ಟೋಬರ್ ೯, ಬುಧವಾರ
ಮಧ್ಯಾಹ್ನ, ಅಂಗಡಿಯಿಂದ

ಪ್ರೀತಿಯ ಟೈಂಟೇಬಲ್,

ಹೇಗಿದ್ದೀಯ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನಾನು ಊರಿಗೆ ಬಂದು ಮೂರು ವಾರವಾಯಿತು. ನಿನ್ನ ಬಸ್ ಡಿಪೋ ನನ್ನ ಅಂಗಡಿಯಿಂದ ಎರಡು ಬೀದಿ ಆಚೆ. ಎದ್ದು ಬಂದು ನಿನ್ನ ಕಿಟಕಿ ಮುಂದೆ ನಿಲ್ಲುವುದಕ್ಕೆ ಐದು ನಿಮಿಷ ಸಾಕು. ಅಷ್ಟು ಮಾಡಲಾರದೆ ಅಂಚೆಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಕೆಲಸ ಜಾಸ್ತಿಯಿತ್ತು, ಅದಕ್ಕೇ ತಡವಾಯಿತು ಅಂತ ಬರೆಯಬಹುದಿತ್ತು. ಕೆಲಸವೇನೂ ಇಲ್ಲ. ಈ ವಾರ ಕಿವಿ ಮೇಲೆ ಕೂರದ ಎರಡು ಕನ್ನಡಕದ ಕಡ್ಡಿ ಬಗ್ಗಿಸಿಕೊಟ್ಟೆ, ಅಷ್ಟೆ. ಡಿಪೋ ಬೀದಿ ತಪ್ಪಿಸಲು ದಿನಾ ಮಾರ್ಕೆಟ್ ಸುತ್ತಿ ಮನೆಗೆ ಹೋಗುತ್ತಿದ್ದೇನೆ.

ನಾನಿನ್ನೂ ಸೈಕಲ್ ಪ್ರವಾಸದಲ್ಲಿದ್ದಾಗ ನನ್ನವಳು ತರಕಾರಿ ಅಂಗಡಿಯಲ್ಲಿ ನಿಮ್ಮ ಮನೆ ಅತ್ತಿಗೆಗೆ ಸಿಕ್ಕಿ, "ನಿಮ್ಮವರು ಹೋಗಲಿಲ್ಲವಾ? ನಮ್ಮವರು ಹೊರಟು ನಾಲ್ಕು ದಿನವಾಯ್ತಲ್ಲ" ಅಂದಳಂತೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಅತ್ತಿಗೆ ಬೀನ್ಸ್ ಆರಿಸುತ್ತಿದ್ದವರು ಕೈ ನಿಲ್ಲಿಸಿ, "ಹೌದಾ, ಒಳ್ಳೇದಾಯ್ತು" ಅಂದು ಹೊರಟುಬಿಟ್ಟರಂತೆ. ಇವಳು ಮನೆಗೆ ಬಂದು ಯೋಚಿಸಿದ ಮೇಲೆ ನನ್ನ ಸುಳ್ಳು ಅರ್ಥವಾಗಿದೆ. ಈಗ ನನ್ನ ಜೊತೆ ಊಟಕ್ಕೆ ಕರೆಯುವಷ್ಟೇ ಮಾತು.

ಆ ಪ್ರವಾಸವನ್ನು ಎರಡು ವರ್ಷ ಕೂತು ಕಟ್ಟಿದವನು ನೀನು. ನಾವು ಐವರೂ ಭಾನುವಾರ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ಹಲ್ಲಿನ ಡಾಕ್ಟರು, ಈಜು ಮೇಷ್ಟ್ರು ಮತ್ತು ಡ್ರಾಯಿಂಗ್ ಮೇಡಂ ಬಾಯಲ್ಲೇ ಬೆಟ್ಟ ಹತ್ತಿ ಇಳಿದು ಎದ್ದು ಹೋಗುತ್ತಿದ್ದರು. ನೀನು ಮಾತ್ರ ನಕ್ಷೆಯನ್ನು ದೀಪದ ಕೆಳಗೆ ಹರಡಿಕೊಂಡು ಕೂರುತ್ತಿದ್ದೆ. ಇಪ್ಪತ್ತನಾಲ್ಕು ದಿನ, ಏಳು ಘಾಟಿ. ಯಾವ ದಿನ ಎಷ್ಟು ಏರು, ನೀರು ಎಲ್ಲಿ ಸಿಗುತ್ತದೆ, ಬ್ರೇಕ್ ರಬ್ಬರ್ ಸವೆದರೆ ಯಾವ ಊರಲ್ಲಿ ಸೈಕಲ್ ಅಂಗಡಿ, ಆರು ದಿನಕ್ಕೊಮ್ಮೆ ಬಟ್ಟೆ ಒಗೆಯಲು ಬಿಡುವು. ಬಸ್ಸಿಗೆ ವೇಳಾಪಟ್ಟಿ ಬರೆದು ಪಳಗಿದ ಕೈ. ನಾವು ತಮಾಷೆ ಮಾಡಿದರೆ, "ನಗಿ ನಗಿ, ಮೂರನೇ ಘಾಟಿಯಲ್ಲಿ ನನ್ನ ನೆನೆಸ್ಕೋತೀರಿ" ಅನ್ನುತ್ತಿದ್ದೆ.

ಜೂನ್‌ನಲ್ಲಿ ಅಭ್ಯಾಸಕ್ಕೆ ಅಂತ ನೀರಿನ ಟ್ಯಾಂಕಿನ ಗುಡ್ಡ ಹತ್ತಿದೆವಲ್ಲ, ಆ ದಿನದಿಂದ ಎಲ್ಲ ಕೆಟ್ಟಿತು. ಅವರು ಮೂವರೂ ಮೇಲೆ ಮುಟ್ಟಿ ಗಂಟೆಯಾದ ಮೇಲೆ ನಾವಿಬ್ಬರೂ ಸೈಕಲ್ ತಳ್ಳಿಕೊಂಡು ಬಂದೆವು. ಮೊಣಕಾಲು ಹಿಡ್ಕೊಂಡುಬಿಡ್ತು, ಇವನು ನನಗಾಗಿ ನಿಂತ ಅಂತ ನೀನು ಅವರಿಗೆ ಹೇಳಿದೆ. ಮುಂದಿನ ವಾರ ನಿನಗೆ ತಿಳಿಸದೆ ನಾಲ್ವರೂ ಡಾಕ್ಟರ ಕ್ಲಿನಿಕ್ಕಿನಲ್ಲಿ ಸೇರಿದೆವು. ಒಬ್ಬನ ಮೊಣಕಾಲಿಗೆ ಎಲ್ಲರ ರಜೆ ಹಾಳಾಗುವುದು ಬೇಡ ಅಂತ ತೀರ್ಮಾನವಾಯಿತು. ಮುಖಕ್ಕೆ ಹೇಳಲು ಯಾರಿಗೂ ಧೈರ್ಯವಿಲ್ಲ. ಪ್ರವಾಸವೇ ರದ್ದಾಗಿದೆ ಅಂತ ಹೇಳಿಬಿಡೋಣ ಅಂದರು. ಆ ಕೆಲಸ ನನ್ನ ಪಾಲಿಗೆ ಬಂತು.

ನಿನ್ನ ಕಿಟಕಿಯ ಮುಂದೆ ನಿಂತು, ಮೇಡಂಗೆ ರಜೆ ಸಿಗಲಿಲ್ಲ, ಈ ವರ್ಷ ಬೇಡ ಅಂತಾಗಿದೆ ಅಂದೆ. ನೀನು ಒಂದು ಬಸ್ಸಿಗೆ ಸಹಿ ಹಾಕಿ ಕಳಿಸಿ, ಪಾಪ, ಮೇಡಂ ಬೇಜಾರು ಮಾಡಿಕೊಳ್ಳುವುದು ಬೇಡ ಅಂತ ಹೇಳು ಅಂದೆ. ತಂಗುವ ಮನೆಗಳಿಗೆ ನಾನೇ ಫೋನ್ ಮಾಡಿ ಬೇಡ ಅಂತೀನಿ ಅಂತಲೂ ನೀನು ಅಂದೆ. ನಾನು ತಟ್ಟನೆ, ಬೇಡ ಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ ಅಂದೆ. ಹಾಗಾದರೆ ಇದು ನಿನ್ನ ಹತ್ತಿರವೇ ಇರಲಿ ಅಂತ ನೀನು ಡ್ರಾಯರಿನಿಂದ ಪ್ರವಾಸದ ಪಟ್ಟಿ ತೆಗೆದು ನನ್ನ ಕೈಗೆ ಕೊಟ್ಟೆ. ನಾನು ತೆಗೆದುಕೊಂಡೆ.

ಪ್ರವಾಸ ನೀನು ಬರೆದ ಹಾಗೇ ನಡೆಯಿತು. ನೀರು ಅಂದ ಕಡೆ ನೀರು, ನೆರಳು ಅಂದ ಕಡೆ ನೆರಳು. ಒಂಬತ್ತನೇ ದಿನ, ಮೂರನೇ ಘಾಟಿಯ ಬುಡದ ತಂಗುಮನೆ. ನಾವು ಸೈಕಲ್ಲಿನಿಂದ ಚೀಲ ಬಿಚ್ಚುವ ಮೊದಲೇ ಮನೆಯೊಡತಿ ಹೊರಗೆ ಬಂದು, ಕನ್ನಡಕದ ಅಂಗಡಿಯವರು ಯಾರು ಅಂತ ಕೇಳಿದಳು. ನಾನು ಕೈ ಎತ್ತಿದೆ.

"ನಿನ್ನೆ ನಿಮಗೊಂದು ಫೋನ್ ಬಂದಿತ್ತು. ಮುಂದಿನ ಕಣಿವೇಲಿ ಸೇತುವೆ ಕೊಚ್ಚಿ ಹೋಗಿದೆಯಂತೆ. ಹಳೇ ದಾರಿ ಹಿಡೀರಿ, ಆರು ಮೈಲಿ ಹೆಚ್ಚು, ಬೇಗ ಹೊರಡಿ. ನಾಲ್ಕೂ ಜನಕ್ಕೆ ಹೇಳಿ ಅಂದ್ರು. ಅಲ್ಲಿನ ಬಸ್ ನಿಲ್ದಾಣಕ್ಕೆ ಅವರೇ ಫೋನ್ ಮಾಡಿ ವಿಚಾರಿಸಿದ್ರಂತೆ."

"ಯಾರು ಅಂತ ಹೇಳಿದ್ರಾ?"

"ಕೇಳಿದೆ. ಮೊಣಕಾಲು ನೋವಿನವನು ಅನ್ನಿ, ಅವರಿಗೆ ಗೊತ್ತಾಗುತ್ತೆ ಅಂದ್ರು."

ಡಾಕ್ಟರು ಟೈರಿನಲ್ಲಿ ಗಾಳಿ ಇದೆಯಾ ಅಂತ ಒತ್ತಿ ನೋಡತೊಡಗಿದರು. ಮೇಡಂ, "ಅವರಿಗೆ ಗೊತ್ತಾಗಿದೆ" ಅಂತ ಮೆಲ್ಲಗೆ ಅಂದರು. ನೀನು ಬೈದಿದ್ದರೆ ಎಷ್ಟೋ ವಾಸಿಯಿತ್ತು ಮಾರಾಯ. ಬೈಗುಳಕ್ಕೆ ತಿರುಗಿ ಏನಾದರೂ ಹೇಳಬಹುದು. ದಾರಿ ಹೇಳಿದವನಿಗೆ ಏನು ಹೇಳುವುದು?

ಮಾರನೇ ದಿನ ಹಳೇ ದಾರಿ. ನಾಲ್ಕನೇ ತಿರುವಿನಲ್ಲಿ ನಾನು ಇಳಿದೆ. ಹೊಟ್ಟೆ ಸರಿಯಿಲ್ಲ, ನೀವು ಹೋಗಿ ಅಂದೆ. ಹೊಟ್ಟೆಗೇನೂ ಆಗಿರಲಿಲ್ಲ. ಅವರು ಮರೆಯಾದ ಮೇಲೆ ಒಂದು ಲಾರಿಗೆ ಕೈ ಅಡ್ಡ ಹಿಡಿದು, ಆಲೂಗಡ್ಡೆ ಮೂಟೆಗಳ ಮೇಲೆ ಸೈಕಲ್ ಮಲಗಿಸಿ, ಅದರ ಪಕ್ಕ ಕೂತು ಕೆಳಗೆ ಬಂದೆ. ಅವರು ಮೂವರೂ ಪೂರ್ತಿ ಮಾಡಿಕೊಂಡು ಹೋದ ವಾರ ಬಂದರು.

ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ಮಾಡಿಬಿಡುತ್ತೀಯ, ಅದು ನನಗೆ ಗೊತ್ತು. ಅತ್ತಿಗೆಗೆ ನನ್ನ ನಮಸ್ಕಾರ ತಲುಪಿಸು, ತೆಗೆದುಕೊಳ್ಳದಿದ್ದರೆ ಒತ್ತಾಯ ಮಾಡಬೇಡ. ನಿನ್ನ ಮಗಳ ಪರೀಕ್ಷೆ ಹತ್ತಿರ ಬಂತಲ್ಲ, ಚೆನ್ನಾಗಿ ಬರೆದು ನಿಮ್ಮಿಬ್ಬರ ಮನಸ್ಸು ತಣಿಸಲಿ. ನಿನ್ನ ಮನೆ ಸುಖವಾಗಿರಲಿ.

ನಿನ್ನ
ಕನ್ನಡಕ

ತಾ.ಕ.: ಮೇಲೆ ಬರೆದದ್ದರಲ್ಲೂ ಒಂದನ್ನು ನುಂಗಿದ್ದೇನೆ. ಟ್ಯಾಂಕಿನ ಗುಡ್ಡದಲ್ಲಿ ಅರ್ಧದಲ್ಲೇ ಉಸಿರು ಕಟ್ಟಿ ಕೂತವನು ನಾನು. ನೀನು ಕೊನೆಯ ತಿರುವಿನವರೆಗೆ ಹೋಗಿದ್ದವನು ನನ್ನನ್ನು ಹುಡುಕಿಕೊಂಡು ಕೆಳಗೆ ಇಳಿದು ಬಂದೆ. ನನ್ನ ಮುಖ ನೋಡಿ, "ಕೇಳಿದ್ರೆ ನನ್ನ ಮೊಣಕಾಲು ಅಂತೀನಿ, ನೀನು ಸುಮ್ನಿರು" ಅಂದೆ. ನಾನು ಸುಮ್ಮನಿದ್ದೆ. ನಿನ್ನೆ ಆ ಮೂವರಿಗೂ ಇದನ್ನು ಹೇಳಿ ಬಂದೆ, ಯಾರೂ ನನ್ನನ್ನು ಕೂರು ಅನ್ನಲಿಲ್ಲ. ಅಷ್ಟಕ್ಕೂ ಅವತ್ತು ಕ್ಲಿನಿಕ್ಕಿನಲ್ಲಿ ಅವರು ಒಂದೇ ಮಾತಿಗೆ ನಿನ್ನನ್ನು ಬಿಟ್ಟಿರಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ, "ಅವನ ಹತ್ತಿರದವರು ನೀವು, ನೀವೇ ಹೇಳಿ, ಆ ಮೊಣಕಾಲಲ್ಲಿ ಏಳು ಘಾಟಿ ಆಗುತ್ತಾ?" ಅಂತ ಕೇಳಿದರು. ಮೂವರೂ ನನ್ನ ಬಾಯಿ ನೋಡುತ್ತಿದ್ದರು. ನಾನು "ಕಷ್ಟ" ಅಂದೆ.