ಜೇಬು ಡೈರಿಯ ವೈರಿ

ಮಹಡಿ ಮೇಲಿನ ಆಫೀಸು
ಮಂಗಳವಾರ, ಊಟದ ಬಿಡುವು

ಕೆಳಗಿನ ಬೈಂಡಿಂಗ್ ಕೋಣೆಯಲ್ಲಿ ಮುಖ ಊದಿಸಿಕೊಂಡು ಕೂತಿರುವ ಪ್ರೀತಿಯ ಅಣ್ಣನಿಗೆ,

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ನನ್ನ ಮೇಜಿಗೆ ದಾರದಲ್ಲಿ ಕಟ್ಟಿದ್ದ ಪೆನ್ಸಿಲ್ಲು ಸುದೀರ್ಘ ಹಾಗೂ ನಿಷ್ಕಳಂಕ ಸೇವೆಯ ನಂತರ ನಿನ್ನೆ ಬೆಳಿಗ್ಗೆ ನಿವೃತ್ತಿ ಹೊಂದಿದೆ. ನೀನು ಮೂರು ದಿನದಿಂದ ಮಾತು ಬಿಟ್ಟಿರುವುದರಿಂದ ಸನ್ಮಾನಕ್ಕೆ ಕರೆಯಲಾಗಲಿಲ್ಲ.

ನನ್ನ ಅಪರಾಧ ಎಲ್ಲರಿಗೂ ಗೊತ್ತಿದೆ. ಅಪ್ಪ ನನ್ನ ಹೆಸರಿಗೆ ಬಿಟ್ಟುಹೋದ ದುಡ್ಡನ್ನೆಲ್ಲ ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರು ಮಾಡುವ ಹೊಸ ಕಂಪನಿಯ ಷೇರಿಗೆ ಹಾಕಿದೆ, ಅವರ ಯಂತ್ರವೊಂದನ್ನು ಕೊಂಡೂ ತಂದೆ. ಮೂರು ತಲೆಮಾರಿನಿಂದ ಜೇಬು ಡೈರಿ ಕಟ್ಟುವ ಮನೆಯ ಮಗಳು ನಾನು, ಡೈರಿಯನ್ನೇ ನುಂಗುವ ಯಂತ್ರಕ್ಕೆ ತುತ್ತು ಹಾಕಿದೆ. ನೀನು ಅಂಟು ಕಲಸುವ ಕೋಲು ಎತ್ತಿಕೊಂಡು, ಅದಕ್ಕೆ ಬೆನ್ನಿಲ್ಲ, ಹೊಲಿಗೆಯಿಲ್ಲ, ಕೆಳಗೆ ಬಿದ್ರೆ ಹೆಣ, ಮನೆಮುರುಕಿ, ಶುಕ್ರವಾರದೊಳಗೆ ಷೇರು ಮಾರು, ಇಲ್ಲಾ ಪಾಲು ತಗೊಂಡು ಹೊರಡು ಅಂದೆ. ಅತ್ತಿಗೆ ಮಾತ್ರ, ಅದು ಅಲಾರಂ ಹೊಡೆಯುತ್ತಾ ಅಂತ ಕೇಳಿದರು.

ಮಾರುವುದಿಲ್ಲ. ಹೊರಡುವುದೂ ಇಲ್ಲ. ಷೇರಿನ ಬೆಲೆ ಇಳಿದ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಬಾಗಿಲ ಸಂದಿಯಲ್ಲಿ ತೂರಿಸುತ್ತಿರುವವರು ಯಾರೆಂದು ಬಲ್ಲೆ. ಅಷ್ಟು ನೇರ ಅಂಚು ಈ ಮನೆಯಲ್ಲಿ ಇನ್ಯಾರಿಗೂ ಬರುವುದಿಲ್ಲ. ಬೆಲೆ ಇಳಿಯಲಿ. ಹೋದ ವರ್ಷ ನಮ್ಮ ಡೈರಿ ಕೊಂಡ ಹಲ್ಲಿನ ಡಾಕ್ಟರು ಈ ವರ್ಷ ಅಂಗೈ ನೋಡಿಕೊಂಡು ದಿನ ಗೊತ್ತುಮಾಡುತ್ತಾರೆ. ನೀನು ಕಣ್ಣು ಮುಚ್ಚಿಕೊಂಡರೆ ಅವರ ಅಂಗೈ ಖಾಲಿಯಾಗುವುದಿಲ್ಲ.

ಯಂತ್ರ ತೋರಿಸು ಎಂದು ಅತ್ತಿಗೆ ಹೇಳಿಕಳಿಸಿದ್ದಾರೆ. ಅದು ಸದ್ಯ ವಿಶ್ರಾಂತಿಯಲ್ಲಿದೆ ಎಂದು ತಿಳಿಸು.

ಇಂತಿ,
ಎಲ್ಲೂ ಹೋಗದ ನಿನ್ನ ಮನೆಮುರುಕಿ ತಂಗಿ

ಮರೆತಿದ್ದೆ: ವಿಶ್ರಾಂತಿ ಎಂದರೆ, ಯಂತ್ರದ ಗಾಜು ಮೂರು ಹೋಳು. ನಿನ್ನೆ ಸಂಜೆ ನೀನು ಹೋದ ಮೇಲೆ, ಹೊಸದಾಗಿ ಅಂಟಿಸಿದ ಡೈರಿಗಳ ಜೊತೆ ಅದನ್ನೂ ಪೇರಿಸಿ ಪ್ರೆಸ್ಸಿನ ತಿರುಪು ಬಿಗಿದುಬಿಟ್ಟೆ. ಕೈಯ ಅಭ್ಯಾಸ. ಈ ಪತ್ರ ಬರೆಯಲು ಪೆನ್ಸಿಲ್ಲನ್ನು ಸೇವೆಗೆ ವಾಪಸು ಕರೆಸಿಕೊಳ್ಳಬೇಕಾಯಿತು. ಅದಕ್ಕೆ ಬೆನ್ನಿಲ್ಲ ಅಂದೆಯಲ್ಲ, ನಿಜ. ಅದಕ್ಕೇ ಬೆಳಿಗ್ಗೆಯಿಂದ ಅದಕ್ಕೊಂದು ಹೊದಿಕೆ ಕಟ್ಟುತ್ತಿದ್ದೇನೆ: ನಮ್ಮ ಡೈರಿಯದೇ ದಪ್ಪ ರಟ್ಟು, ಒಳಗೆ ಮೆತ್ತನೆ ಬಟ್ಟೆ, ಪಕ್ಕದಲ್ಲಿ ಅದರ ಗಾಜಿನ ಮೇಲೆ ಬರೆಯುವ ಕಡ್ಡಿಗೊಂದು ಕುಣಿಕೆ. ಶುಕ್ರವಾರ ಕಂಪನಿಗೆ ಮಾದರಿ ಕಳಿಸುತ್ತೇನೆ, ನಮ್ಮ ಬೈಂಡಿಂಗಿನ ಹೆಸರು ಹಾಕಿ. ಹೊಲಿಗೆ ಮಾತ್ರ ಸೊಟ್ಟ ಬರುತ್ತಿದೆ. ನಿನ್ನ ಬಾಗಿದ ಸೂಜಿ, ಒಂದು ಮಾರು ಮೇಣದ ದಾರ ಮೇಲೆ ಕಳಿಸು.