ಶನಿವಾರದ ಸ್ಲೇಟು

ವಲಸೆ ದ್ವೀಪದ ಮಾನ್ಯ ಅಧಿಕಾರಿಗಳೇ,

ನನ್ನ ತಮ್ಮ ಅನ್ಶೆಲ್ ಬುದ್ಧಿಮಾಂದ್ಯನೆಂದೂ, ಓದುಬರಹ ಬಾರದವನೆಂದೂ, ಅಮೆರಿಕಕ್ಕೆ ಹೊರೆಯಾಗುವವನೆಂದೂ ನಿಮ್ಮ ಕಚೇರಿ ಮೊಹರು ಒತ್ತಿದೆ. ಗುರುವಾರದ ಹಡಗಿನಲ್ಲಿ ಅವನನ್ನು ವಾಪಸು ಕಳಿಸುತ್ತೀರಂತೆ. ಈ ಪತ್ರ ದಯೆ ಬೇಡಲು ಬರೆದದ್ದಲ್ಲ. ನಾಲ್ಕು ಜನರ ಎದುರು ನೀವು ತಲೆ ತಗ್ಗಿಸಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು. ಆ ಆಸೆಯಿಂದಲೇ ಬರೆದದ್ದು.

ಅನ್ಶೆಲ್‌ಗೆ ಐದನೇ ವಯಸ್ಸಿನ ಜ್ವರದಲ್ಲಿ ಕಿವಿ ಹೋಯಿತು, ಹಿಂದೆಯೇ ಮಾತೂ ಹೋಯಿತು. ನಮ್ಮೂರು ಗ್ರೋಡ್ನೊದ ಮುದ್ರಣಾಲಯದಲ್ಲಿ ಒಂಬತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವನು. ನಮ್ಮ ಮನೆಮಾತಾದ ಯಿಡ್ಡಿಷ್, ಜೊತೆಗೆ ರಷ್ಯನ್ ಬರೆಯುತ್ತಾನೆ. ನಾನು ಇಲ್ಲಿಂದ ಅಂಚೆಯಲ್ಲಿ ಕಳಿಸಿದ ಪುಸ್ತಕದಿಂದ ಇಂಗ್ಲಿಷನ್ನೂ ಕಲಿತಿದ್ದಾನೆ. ಇಂಥವನ ಕೈಗೆ ನಿಮ್ಮವರು ಸ್ಲೇಟು, ಬಳಪ ಕೊಟ್ಟರು. ಯಾವತ್ತು? ಶನಿವಾರ ಮಧ್ಯಾಹ್ನ, ನಮ್ಮ ಸಬ್ಬತ್ತಿನ ದಿನ. ಆ ದಿನ ಸೂರ್ಯ ಮುಳುಗಿ ಕತ್ತಲಾಗುವ ತನಕ ನಾವು ಒಂದಕ್ಷರವನ್ನೂ ಬರೆಯುವುದಿಲ್ಲ. ಅನ್ಶೆಲ್ ಸ್ಲೇಟನ್ನು ಮೇಜಿನ ಮೇಲಿಟ್ಟ. ಕಿಟಕಿಯಾಚೆಗಿನ ಸೂರ್ಯನನ್ನು ತೋರಿಸಿ, ಕೈ ಕೆಳಗಿಳಿಸಿ, ಆಮೇಲೆ ಬರೆಯುತ್ತೇನೆಂದು ಸನ್ನೆ ಮಾಡಿದ. ನಿಮ್ಮ ಪಂಡಿತರು ದಾಖಲಿಸಿದ್ದು ಇಷ್ಟು: ‘ಕಿಟಕಿ ನೋಡುತ್ತಾನೆ, ಅರ್ಥವಿಲ್ಲದೆ ಕೈಯಾಡಿಸುತ್ತಾನೆ.’ ವರ್ಷಕ್ಕೆ ಸಾವಿರಾರು ಯಹೂದಿಗಳನ್ನು ಅಳೆದು ಸುರಿಯುವ ಕಚೇರಿಗೆ ನಮ್ಮ ಶನಿವಾರ ಇನ್ನೂ ಗೊತ್ತಿಲ್ಲವೇ? ಹಾಗಾದರೆ ಆ ಮೇಜಿನ ಯಾವ ಬದಿಯಲ್ಲಿ ಬುದ್ಧಿ ಕಡಿಮೆಯಿತ್ತು, ಸ್ವಾಮಿ?

ನಮ್ಮ ಸಮುದಾಯದ ಸಂಘದಿಂದ ವಾದಿಸಲು ಬರುವ ಝಾಲ್ಕಿಂಡರೂ ಸಬ್ಬತ್ತಿನ ದಿನ ದೋಣಿ ಹತ್ತುವವರಲ್ಲ. ಭಾನುವಾರ ಅವರು ಬರುವಷ್ಟರಲ್ಲಿ ಮೊಹರಿನ ಶಾಯಿ ಒಣಗಿತ್ತು. ನಾನು ಕೆಲಸ ಮಾಡುವ ಪತ್ರಿಕೆಗೇ ಬರೆಯುತ್ತೇನೆಂದಾಗ ಅವರು ಗಾಬರಿಯಾದರು.

“ಸ್ವಲ್ಪ ತಡ್ಕೋ ಪೆಸ್ಯಾ. ನೀನು ಗಲಾಟೆ ಮಾಡಿದ್ರೆ ನಾಳೆ ಬರೋರಿಗೂ ಬಾಗ್ಲು ಹಾಕ್ತಾರೆ. ನಮ್ಮೋರು ಯಾರಿಗೂ ಹೊರೆಯಾಗಲ್ಲ ಅಂತಾನೇ ಅಲ್ವೇನಮ್ಮಾ ನಾವು ವಾದ ಮಾಡೋದು?”

“ಹಂಗಾದ್ರೆ ನನ್ನ ತಮ್ಮ ನಮ್ಮೋನಲ್ವಾ?”

ಅವರು ಟೋಪಿಯ ಅಂಚು ಸವರುತ್ತಾ ನಿಂತರು. ನಿಮ್ಮ ಬಾಗಿಲಲ್ಲಿ ಅದೇ ಟೋಪಿ ಹಿಡಿದು ಇಪ್ಪತ್ತು ವರ್ಷ ನಿಂತವರು, ಅವರನ್ನು ನಾನು ಪೂರ್ತಿ ಬೈಯಲಾರೆ. ಬೈಗುಳವನ್ನೆಲ್ಲ ನಿಮಗೆಂದೇ ಉಳಿಸಿಕೊಂಡಿದ್ದೇನೆ.

ಆ ಭಾನುವಾರ ಬೆಳಿಗ್ಗೆ ಅನ್ಶೆಲ್ ಸ್ಲೇಟು ಕೇಳಿ ಪಡೆದು, ಇಂಗ್ಲಿಷಿನಲ್ಲಿ ಬರೆದು ನಿಮ್ಮ ಗುಮಾಸ್ತರ ಮುಂದೆ ಹಿಡಿದಿದ್ದಾನೆ. ಅವರು ಓದಿ, ಅಂಗಿಯ ತೋಳಿನಿಂದ ಒರೆಸಿ ಸ್ಲೇಟನ್ನು ಕಪಾಟಿನಲ್ಲಿಟ್ಟರಂತೆ. ತಂತಿ ಬಲೆಯಾಚೆಯಿಂದ ಅವನು ಇದನ್ನು ಕೈಸನ್ನೆಯಲ್ಲಿ ಹೇಳಿದಾಗ, ನನಗೆ ಆ ತೋಳನ್ನು ಮುರಿಯಬೇಕೆನ್ನಿಸಿತು.

ಆದ್ದರಿಂದ ಬುಧವಾರ ಹತ್ತು ಗಂಟೆಗೆ, ಅದೇ ಕೋಣೆಯಲ್ಲಿ ಅವನ ಮರುವಿಚಾರಣೆ ಆಗಲೇಬೇಕು. ನಾನೂ ಝಾಲ್ಕಿಂಡರೂ ಪತ್ರಿಕೆಯವರೂ ಇರುತ್ತೇವೆ. ಇಲ್ಲವಾದರೆ ಈ ಪತ್ರ ನಮ್ಮ ಪತ್ರಿಕೆಯಲ್ಲಿ ದಿನವೂ ಅಚ್ಚಾಗುತ್ತದೆ. ಇದರ ಮೊಳೆ ಜೋಡಿಸುವವಳು ನಾನೇ. ಅಕ್ಷರ ದಿನದಿಂದ ದಿನಕ್ಕೆ ದಪ್ಪವಾಗುತ್ತದೆ. ಆ ವಿಚಾರಣೆಯಲ್ಲಿ ಅನ್ಶೆಲ್ ಭಾನುವಾರ ಬರೆದದ್ದನ್ನೇ ಮತ್ತೆ ಬರೆಯಲಿ. ಒರೆಸಿದ ಗುಮಾಸ್ತರೇ ಎದ್ದು ನಿಂತು, ನಿಮ್ಮೆದುರು ಅದನ್ನು ಗಟ್ಟಿಯಾಗಿ ಓದಲಿ:

“ನಿನ್ನೆ ಶನಿವಾರ. ಇವತ್ತು ಏನು ಬೇಕಾದರೂ ಕೇಳಿ.”

ಇಂತಿ,
ಎರಡೂ ಕಿವಿ ನೆಟ್ಟಗಿದ್ದರೂ ನಿಮ್ಮ ಕಚೇರಿಯಿಂದ ಇನ್ನೂ ಒಂದು ಉತ್ತರವನ್ನೂ ಕೇಳಿಸಿಕೊಳ್ಳದ
ಪೆಸ್ಯಾ